ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕೊಡಗಿನ ತೋಟದ ಮನೆಗಳಲ್ಲಿ ನಲ್ಲಿಯ ನೀರು ನಿಂತರೆ ಯಾರೂ ನಲ್ಲಿಯನ್ನು ಕಿತ್ತು ಹೊಸದನ್ನು ಹಾಕುವುದಿಲ್ಲ. ಗುಡ್ಡದ ತೊರೆಯಿಂದ ಮನೆಯವರೆಗೆ ಎಳೆದ ಪೈಪಿನ ಜಾಡು ಹಿಡಿದು ಮೇಲಕ್ಕೆ ಹತ್ತುತ್ತಾರೆ. ಒಂದೊಂದೇ ಜೋಡಣೆಯನ್ನು ಬಿಚ್ಚಿ ನೋಡುತ್ತಾರೆ. ಎರಡನೆಯ ಜೋಡಣೆಯಲ್ಲಿ ನೀರಿಲ್ಲ, ಮೂರನೆಯದರಲ್ಲಿ ಇದೆ ಎಂದಾದರೆ ಎಲೆಯೋ ಮಣ್ಣೋ ಕಟ್ಟಿಕೊಂಡಿರುವುದು ಇವೆರಡರ ನಡುವೆ ಎಂಬುದು ಖಚಿತ. ಇದಕ್ಕೆ ಯಾವ ಪದವಿಯೂ ಬೇಕಾಗಿಲ್ಲ.

ಅದೇ ಮನೆಯಲ್ಲಿ ಇಂಟರ್‌ನೆಟ್ ನಿಂತಾಗ ಮಾತ್ರ ಈ ಬುದ್ಧಿವಂತಿಕೆ ಎಲ್ಲೋ ಮಾಯವಾಗಿಬಿಡುತ್ತದೆ. 'ಕಂಪ್ಯೂಟರ್ ಕೆಟ್ಟಿದೆ' ಎಂಬ ತೀರ್ಪು ಕೂಡಲೇ ಹೊರಬೀಳುತ್ತದೆ. ಪೆಟ್ಟಿಗೆ ಜೀಪಿನಲ್ಲಿ ಪಟ್ಟಣದ ಅಂಗಡಿಗೆ ಹೋಗುತ್ತದೆ, ಅಲ್ಲಿ 'ಫಾರ್ಮ್ಯಾಟ್' ಆಗಿ ಹಿಂದಿರುಗುತ್ತದೆ. ಮಗಳು ಎರಡು ತಿಂಗಳು ಕೂತು ಬರೆದ ಪ್ರಾಜೆಕ್ಟ್, ಸ್ಕ್ಯಾನ್ ಮಾಡಿಟ್ಟ ಅಂಕಪಟ್ಟಿ, ಅಜ್ಜನ ಫೋಟೋಗಳು ಎಲ್ಲವೂ ಅಳಿಸಿಹೋಗಿರುತ್ತವೆ. ಮನೆಗೆ ಬಂದು ನೋಡಿದರೆ ನೆಟ್ ಇನ್ನೂ ಇಲ್ಲ! ಏಕೆಂದರೆ ದೋಷವಿದ್ದದ್ದು ರಸ್ತೆಯ ಬದಿಯಲ್ಲಿ, ಮರದ ಕೊಂಬೆ ಬಿದ್ದು ತುಂಡಾದ ಕೇಬಲ್ಲಿನಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಈ ಮಾತು ಈಗ ಮುಖ್ಯವಾಗಲು ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11 ಹಾಕಲು ಬಾರದ ಹಳೆಯ ಯಂತ್ರಗಳಿಗೆ ಲಿನಕ್ಸ್ ಒಂದು ಒಳ್ಳೆಯ ದಾರಿ. ಅದಕ್ಕೆ ಹಣ ಕೊಡಬೇಕಾಗಿಲ್ಲ, ಹಳೆಯ ಯಂತ್ರಕ್ಕೂ ಅದು ಭಾರವಾಗದು. ಆದರೆ ಲಿನಕ್ಸ್ ಬಲ್ಲ ರಿಪೇರಿಯವರು ಎಲ್ಲ ಊರಿನಲ್ಲೂ ಸಿಗುವುದಿಲ್ಲ. ಆದ್ದರಿಂದ ಪೈಪಿನ ಜಾಡು ಹಿಡಿಯುವ ವಿದ್ಯೆಯನ್ನು ಮನೆಯ ವಿದ್ಯಾರ್ಥಿಯೇ ಕಲಿಯುವುದು ಲೇಸು.

ಮೊದಲು ಜಾಡು ಯಾವುದೆಂದು ತಿಳಿಯಬೇಕು. ಕಂಪ್ಯೂಟರಿನಿಂದ ಹೊರಟ ಸಂದೇಶ ವೈಫೈ ಅಲೆಯ ಮೇಲೋ ಕೇಬಲ್ಲಿನಲ್ಲೋ ರೂಟರಿಗೆ ಹೋಗುತ್ತದೆ. ರೂಟರಿನಿಂದ ಗಾಜಿನ ಎಳೆಯಲ್ಲಿ ಬೆಳಕಾಗಿ ದೂರವಾಣಿ ಕೇಂದ್ರಕ್ಕೆ, ಅಲ್ಲಿಂದ ಲೋಕಕ್ಕೆ. ಫೈಬರ್ ಸಂಪರ್ಕವಿರುವ ಮನೆಯಲ್ಲಿ ಪೆಟ್ಟಿಗೆಯ ಮೇಲೆ 'ಲಾಸ್' ಎಂಬ ಮೂರಕ್ಷರದ ಒಂದು ದೀಪವಿರುತ್ತದೆ. ಅದು ಕೆಂಪಾಗಿ ಉರಿಯುತ್ತಿದ್ದರೆ ಬೆಳಕು ಪೆಟ್ಟಿಗೆಯನ್ನು ತಲುಪುತ್ತಿಲ್ಲ ಎಂದರ್ಥ. ಎಳೆ ತುಂಡಾಗಿರಬಹುದು, ತೀರಾ ಬಾಗಿರಬಹುದು, ಪೆಟ್ಟಿಗೆಗೆ ಸೇರುವಲ್ಲಿ ಸಡಿಲವಾಗಿರಬಹುದು. ಆಗ ಕಂಪ್ಯೂಟರಿನ ಮುಂದೆ ಎಷ್ಟು ಹೊತ್ತು ಕುಳಿತರೂ ಪ್ರಯೋಜನವಿಲ್ಲ. ಸಂಪರ್ಕ ಕೊಟ್ಟವರಿಗೆ ಫೋನ್ ಮಾಡುವುದೇ ಸರಿ.

ದೀಪ ಸರಿಯಿದ್ದರೆ ಮುಂದಿನ ಉಪಕರಣ 'ಪಿಂಗ್'. ಅಮೆರಿಕದ ಮೈಕ್ ಮ್ಯೂಸ್ ಎಂಬುವರು 1983ರ ಡಿಸೆಂಬರಿನಲ್ಲಿ ಬರೆದ ಪುಟ್ಟ ಪ್ರೋಗ್ರಾಂ ಇದು. ಜಲಾಂತರ್ಗಾಮಿಗಳು ಶಬ್ದ ಕಳಿಸಿ ಪ್ರತಿಧ್ವನಿ ಕೇಳುವ ಸೋನಾರ್ ವಿಧಾನದಿಂದ ಈ ಹೆಸರು ಬಂತು. ಸಂಜೆ ತೋಟದ ಮೇಲೆ ಹಾರುವ ಸಣ್ಣ ಬಾವಲಿಗಳು ಮಾಡುವುದೂ ಇದನ್ನೇ. ಪಿಂಗ್ ಒಂದು ವಿಳಾಸಕ್ಕೆ ಕೂಗು ಹಾಕುತ್ತದೆ, ಮಾರುತ್ತರ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತೆಂದು ತೋರಿಸುತ್ತದೆ. ಲಿನಕ್ಸ್‌ನಲ್ಲಿ ಇದು ತಾನಾಗಿ ನಿಲ್ಲುವುದಿಲ್ಲ. ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಿ ನಿಲ್ಲಿಸಬೇಕು.

ಮೊದಲ ಕೂಗು ರೂಟರಿಗೆ. ಟರ್ಮಿನಲ್ ಕಿಟಕಿಯಲ್ಲಿ 'ಐಪಿ ರೂಟ್' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ 'ಡಿಫಾಲ್ಟ್ ವಯಾ' ಎಂಬ ಪದಗಳ ಮುಂದೆ 192.168.1.1ರಂಥ ಒಂದು ಸಂಖ್ಯೆ ಬರುತ್ತದೆ. ರೂಟರಿನ ವಿಳಾಸ ಅದೇ. ಅಲ್ಲಿಂದ ಉತ್ತರ ಬಂದರೆ ಮನೆಯೊಳಗಿನ ದಾರಿ ಚೆನ್ನಾಗಿದೆ. ಎರಡನೆಯ ಕೂಗು 8.8.8.8ಕ್ಕೆ. ಇದು ಗೂಗಲ್ ಸಂಸ್ಥೆಯ ಒಂದು ಸಾರ್ವಜನಿಕ ವಿಳಾಸ. ಉತ್ತರ ಬಂದರೆ ಹೊರದಾರಿಯೂ ತೆರೆದಿದೆ. ಮೂರನೆಯದು ಯಾವುದಾದರೂ ಜಾಲತಾಣದ ಹೆಸರಿಗೆ. ಸಂಖ್ಯೆಗೆ ಉತ್ತರ ಬಂದು, ಹೆಸರನ್ನು ಮಾತ್ರ ಗುರುತಿಸಲಾಗದು ಎಂಬ ಸಾಲು ಬಂದರೆ ದಾರಿ ಸರಿಯಿದೆ, ದೂರವಾಣಿ ಡೈರೆಕ್ಟರಿ ಸಿಗುತ್ತಿಲ್ಲ ಎಂದು ತಿಳಿಯಬೇಕು. ಹೆಸರನ್ನು ಸಂಖ್ಯೆಯಾಗಿ ಬದಲಿಸುವ ಈ ಡೈರೆಕ್ಟರಿಗೆ ಡಿಎನ್ಎಸ್ ಎನ್ನುತ್ತಾರೆ. ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಅದರ ವಿಳಾಸವನ್ನು ಬದಲಿಸಿದರೆ ಹೆಚ್ಚಿನ ವೇಳೆ ಕೆಲಸ ಮುಗಿಯಿತು.

ಮೂರೂ ಸರಿಯಿದ್ದು, ಸ್ಕಾಲರ್‌ಶಿಪ್ ಅರ್ಜಿಯ ಪುಟ ಮಾತ್ರ 'ಅಸುರಕ್ಷಿತ' ಎನ್ನುತ್ತ ತೆರೆಯದಿದ್ದರೆ? ಕಂಪ್ಯೂಟರಿನ ಮೂಲೆಯಲ್ಲಿರುವ ತಾರೀಖನ್ನು ಒಮ್ಮೆ ನೋಡಬೇಕು. ಹಳೆಯ ಯಂತ್ರದೊಳಗಿನ ನಾಣ್ಯದಾಕಾರದ 3 ವೋಲ್ಟ್ ಸೆಲ್ ಮುಗಿದಿದ್ದರೆ, ಕರೆಂಟ್ ಹೋಗಿ ಬಂದಾಗ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಸುರಕ್ಷಿತ ತಾಣಗಳ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುವುದರಿಂದ ಕಂಪ್ಯೂಟರ್ ಅದನ್ನು ನಂಬುವುದಿಲ್ಲ. ಜಾಲ ಸಿಕ್ಕೊಡನೆ ಲಿನಕ್ಸ್ ಸಾಮಾನ್ಯವಾಗಿ ತಾರೀಖನ್ನು ತಾನೇ ತಿದ್ದಿಕೊಳ್ಳುತ್ತದೆ. ಆ ಸೌಲಭ್ಯ ಆಫ್ ಆಗಿದ್ದರೆ ಕೈಯಿಂದ ತಿದ್ದಬೇಕು, ಸೆಲ್ಲನ್ನು ಬದಲಿಸಬೇಕು. ಇಷ್ಟಕ್ಕೆ ಫಾರ್ಮ್ಯಾಟ್ ಬೇಕೆ?

ಹೊಸದಾಗಿ ಲಿನಕ್ಸ್ ಹಾಕಿದವರನ್ನು ಕಾಡುವ ಇನ್ನೊಂದು ತೊಡಕು, ವೈಫೈಯೇ ಕಾಣಿಸದಿರುವುದು. ಕೆಲವು ಹಳೆಯ ಲ್ಯಾಪ್‌ಟಾಪುಗಳ ವೈಫೈ ಚಿಪ್ಪಿಗೆ ಬೇಕಾದ ಡ್ರೈವರ್ ಜೊತೆಯಲ್ಲಿ ಬಂದಿರುವುದಿಲ್ಲ. ಅದನ್ನು ತರಲು ನೆಟ್ ಬೇಕು, ನೆಟ್ ಬರಲು ಅದು ಬೇಕು! ಈ ಗಂಟನ್ನು ಬಿಡಿಸುವುದು ಜೇಬಿನಲ್ಲಿರುವ ಮೊಬೈಲ್. ಚಾರ್ಜಿಂಗ್ ಕೇಬಲ್ಲಿನಿಂದ ಫೋನನ್ನು ಜೋಡಿಸಿ ಅದರ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಲಿನಕ್ಸ್ ಅದನ್ನು ತಂತಿಯ ಸಂಪರ್ಕವೆಂದೇ ತಿಳಿದು ಬಳಸಿಕೊಳ್ಳುತ್ತದೆ. ಲಿನಕ್ಸನ್ನು ಪೆನ್‌ಡ್ರೈವಿನಿಂದಲೇ ನಡೆಸಿ ನೋಡುವ ಅನುಕೂಲವೂ ಇದೆ. ಡಿಸ್ಕಿನಲ್ಲಿರುವುದನ್ನು ಮುಟ್ಟದೆ ವೈಫೈ, ಧ್ವನಿ, ಪ್ರಿಂಟರ್ ನಡೆಯುತ್ತವೆಯೇ ಎಂದು ಮೊದಲೇ ಪರೀಕ್ಷಿಸಬಹುದು.

ರೂಟರಿನ ಹತ್ತಿರ ಬರುವ ವೈಫೈ ಒಳಕೋಣೆಯಲ್ಲಿ ಬಾರದಿದ್ದರೆ ಅದು ಲಿನಕ್ಸಿನ ತಪ್ಪಲ್ಲ, ಗೋಡೆಯದು. ಐನ್‌ಮನೆಗಳಂಥ ಹಳೆಯ ಮನೆಗಳ ದಪ್ಪ ಗೋಡೆ ಅಲೆಗಳನ್ನು ಹೀರಿಬಿಡುತ್ತದೆ. 5 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 6 ಸೆಂಟಿಮೀಟರ್, 2.4 ಗಿಗಾಹರ್ಟ್ಸ್‌ನದು ಸುಮಾರು 12.5. ವೇಗ ಕಡಿಮೆಯಾದರೂ ಗೋಡೆ ದಾಟುವುದರಲ್ಲಿ ಎರಡನೆಯದೇ ಮೇಲು. ಅದೂ ಸಾಲದಿದ್ದರೆ ಕೇಬಲ್ ಎಳೆಯಬೇಕು. 100 ಮೀಟರ್‌ವರೆಗೆ ಅದು ನಂಬಿಕಸ್ಥ.

ಇಷ್ಟಾದರೂ ಬಗೆಹರಿಯದಿದ್ದರೆ ಬಲ್ಲವರನ್ನು ಕೇಳಬೇಕು. ಕೇಳುವುದಕ್ಕೂ ಒಂದು ಕ್ರಮವಿದೆ. 'ನೆಟ್ ಬರ್ತಾ ಇಲ್ಲ, ಏನು ಮಾಡ್ಲಿ?' ಎಂಬುದು ಡಾಕ್ಟರ ಬಳಿ 'ನನಗೆ ಹುಷಾರಿಲ್ಲ' ಎಂದು ಹೇಳಿ ಸುಮ್ಮನೆ ಕೂತಂತೆ. ಯಂತ್ರ ಯಾವುದು, ಯಾವ ಲಿನಕ್ಸ್, ಎಷ್ಟನೆಯ ಆವೃತ್ತಿ, ತೊಂದರೆ ಯಾವಾಗಿನಿಂದ, ಅದಕ್ಕೆ ಮೊದಲು ಏನನ್ನು ಬದಲಿಸಿದ್ದು, ರೂಟರ್ ಉತ್ತರಿಸಿತೇ, 8.8.8.8 ಉತ್ತರಿಸಿತೇ ಎಂಬುದನ್ನೆಲ್ಲ ಹೇಳಬೇಕು. ಪರದೆಯ ಮೇಲೆ ಬಂದ ಸಾಲನ್ನು ಒಂದಕ್ಷರವೂ ಬಿಡದೆ ಬರೆದು ತೋರಿಸಬೇಕು. ಅದಕ್ಕಾಗಿ ಕಂಪ್ಯೂಟರಿನ ಪಕ್ಕದಲ್ಲಿ ಒಂದು ನೋಟ್‌ಪುಸ್ತಕ ಇರಲಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲ ಏನಾಯಿತೆಂದು ಬರೆಯಬೇಕು. ಮೂರನ್ನು ಒಟ್ಟಿಗೆ ಬದಲಿಸಿದರೆ ಸರಿಹೋದರೂ ಯಾವುದರಿಂದ ಎಂಬುದು ತಿಳಿಯದು. ಪ್ರಯೋಗಶಾಲೆಯ ರೆಕಾರ್ಡ್ ಪುಸ್ತಕದ ನಿಯಮವೂ ಇದೇ ಅಲ್ಲವೇ?

ಲಿನಕ್ಸ್ ಬೆಳೆದದ್ದೂ ಹೀಗೆ ಕೇಳಿ ಹೇಳುವವರ ನಡುವೆಯೇ. 1991ರ ಆಗಸ್ಟ್ 25ರಂದು ಫಿನ್ಲೆಂಡಿನ 21 ವರ್ಷದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ತಾನು ಹವ್ಯಾಸಕ್ಕಾಗಿ ಬರೆಯುತ್ತಿದ್ದ ವ್ಯವಸ್ಥೆಯ ಬಗ್ಗೆ ತಿಳಿಸಿ, ಅದರಲ್ಲಿ ಏನೇನಿರಬೇಕೆಂದು ಅಪರಿಚಿತರನ್ನು ಕೇಳಿದ. ಇಂದು ಆಂಡ್ರಾಯ್ಡ್ ಫೋನುಗಳ ಒಡಲಲ್ಲಿರುವುದೂ ಅದೇ ಲಿನಕ್ಸ್. ಇದು ಹಳ್ಳಿಯ ಮಕ್ಕಳಿಗೆ ನಿಲುಕದ ವಿದ್ಯೆ ಎಂದುಕೊಳ್ಳುವ ತಂದೆತಾಯಿಗಳು ಕರಿಕೆಯಾಚೆಗಿನ ಕಾಸರಗೋಡಿನತ್ತ ನೋಡಬಹುದು. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠ ನಡೆಯುವುದು ಲಿನಕ್ಸ್ ಮೇಲೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಅದನ್ನು ಕನ್ನಡದಲ್ಲೇ ಓದುತ್ತಾರೆ.

ಕೊನೆಯದಾಗಿ ಹಿರಿಯರಿಗೆ ಎರಡು ಮಾತು. ಗಾಜಿನ ಎಳೆಯಲ್ಲಿ ಸಿಡಿಲಿನ ವಿದ್ಯುತ್ ಹರಿಯದು, ಆದರೆ ರೂಟರಿನ ಅಡಾಪ್ಟರಿನಲ್ಲೂ ತಾಮ್ರದ ಕೇಬಲ್ಲಿನಲ್ಲೂ ಹರಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮೋಡ ಕಟ್ಟುತ್ತಿದ್ದಂತೆಯೇ, ಗುಡುಗು ಆರಂಭವಾಗುವ ಮೊದಲೇ, ಇವನ್ನು ಕಿತ್ತಿಡಬೇಕು. ಎರಡನೆಯದು, ಮುಖ್ಯ ಕಡತಗಳ ಪ್ರತಿಯೊಂದನ್ನು ಪೆನ್‌ಡ್ರೈವಿನಲ್ಲಿ ತೆಗೆದಿಟ್ಟ ಮೇಲೆ ಮಗುವಿಗೆ 'ಮುಟ್ಟಬೇಡ' ಎನ್ನುವುದನ್ನು ಬಿಡಬೇಕು. ಅರ್ಜಿಯ ಕೊನೆಯ ದಿನ, ಮಳೆಯಲ್ಲಿ ಬಸ್ಸಿಲ್ಲದ ಹೊತ್ತಿನಲ್ಲಿ, ಜಾಡು ಹಿಡಿದು ದೋಷ ಹುಡುಕಬೇಕಾದದ್ದು ಆ ಮಗುವೇ.