ಆಪರೇಶನ್ನಿಗೆ ಮುಂಚೆ ಹೇಳಬೇಕಾದ ಮಾತು

ಕುರನೂರ, ಅಕ್ಕಲಕೋಟ ಕಡೆಯ ನಮ್ಮ ರೈತ ಬಂಧುಗಳು ಹರ್ನಿಯಾಕ್ಕೋ ಗರ್ಭಕೋಶಕ್ಕೋ ಆಪರೇಶನ್ ಆಗಬೇಕೆಂದರೆ ಸೋಲಾಪುರಕ್ಕೆ ಹೋಗುತ್ತಾರೆ. ಖರ್ಚೆಷ್ಟು, ಸುಗ್ಗಿಯ ಹೊತ್ತಿಗೆ ಹೊಲಕ್ಕೆ ಇಳಿಯಬಹುದೇ ಎಂದು ವಿಚಾರಿಸುತ್ತಾರೆ. ತಂಬಾಕು ತಿನ್ನುವುದನ್ನು, ಹೆಂಗಸರು ಮಿಶ್ರಿ ಹಚ್ಚುವುದನ್ನು ಮಾತ್ರ ಡಾಕ್ಟರರ ಮುಂದೆ ಬಾಯಿಬಿಡುವುದಿಲ್ಲ. ಅಪಾಯ ಶುರುವಾಗುವುದು ಇಲ್ಲಿಯೇ ಎಂದು ನಾವು ತಿಳಿಯುತ್ತೇವೆ.

ತಂಬಾಕು ರಕ್ತನಾಳಗಳನ್ನು ಕುಗ್ಗಿಸುತ್ತದೆ. ರಕ್ತ ಸಾಲದೆ ಗಾಯ ಬೇಗ ಮಾಯುವುದಿಲ್ಲ. ಬೀಡಿ ಸೇದುವವರಿಗೆ ನ್ಯುಮೋನಿಯಾದ ಭಯ ಬೇರೆ. ಸೇದುವವರು 4 ವಾರ ಮೊದಲೇ ಬಿಟ್ಟರೆ ತೊಂದರೆ ಕಡಿಮೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಿಳಿಸಿದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರ ಗಾಯ ಕೀವಾಗುವುದು ಹೆಚ್ಚು. ರಕ್ತಹೀನತೆ ಇದ್ದವರ ಚೇತರಿಕೆಯೂ ನಿಧಾನ. ಆದ್ದರಿಂದ, ತುರ್ತಿನದಲ್ಲದ ಆಪರೇಶನ್ನಿನ ತಾರೀಖನ್ನು ಡಾಕ್ಟರರು ಮುಂದೆ ಹಾಕಿದರೆ ಸಿಟ್ಟಾಗಿ ಬೇರೆ ದವಾಖಾನೆ ಹುಡುಕುವುದು ನಮಗೆ ಸರಿಕಾಣುವುದಿಲ್ಲ.

ಹೊಲಿಗೆ ಬಿಚ್ಚಿದರೆ ಮುಗಿಯಿತು ಎನ್ನುವವರೂ ಇದ್ದಾರೆ. ಜಗತ್ತಿನಲ್ಲಿ ವರ್ಷಕ್ಕೆ 42 ಲಕ್ಷ ಜನರಾದರೂ ಆಪರೇಶನ್ ಆದ 30 ದಿನಗಳೊಳಗೆ ತೀರಿಕೊಳ್ಳುತ್ತಾರೆಂದು 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅಂದಾಜು ಪ್ರಕಟಿಸಿತು. ಕೆಲವು ಮನೆಗಳಲ್ಲಿ ಪ್ರೀತಿಯಿಂದಲೇ ರೋಗಿಯನ್ನು ಹಾಸಿಗೆ ಬಿಟ್ಟು ಏಳಗೊಡುವುದಿಲ್ಲ. ಹಾಗೆ ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಏರಬಹುದು. ಡಾಕ್ಟರರು ಹೇಳಿದ ದಿನವೇ ನಾಲ್ಕು ಹೆಜ್ಜೆ ನಡೆಸಬೇಕು. ಇನ್ನು ಕೆಲವರು ಎಂಟೇ ದಿನಕ್ಕೆ ಜೋಳದ ಚೀಲ ಎತ್ತುತ್ತಾರೆ, ಇಲ್ಲವೆ ಕಬ್ಬಿಗೆ ನೀರು ಹಾಯಿಸಲು ಕೆಸರಿಗಿಳಿಯುತ್ತಾರೆ. ಅದೂ ಬೇಡ. ಗಾಯಕ್ಕೆ ಬೂದಿ, ಅರಿಷಿಣ ಮೆತ್ತಬಾರದು. ಜ್ವರ, ಕೀವು, ಒಂದೇ ಕಾಲಿಗೆ ಬಾವು ಕಂಡರೆ ಸಂತೆಯ ದಿನಕ್ಕೆ ಕಾಯದೆ ಅಂದೇ ದವಾಖಾನೆಗೆ ಹೋಗಬೇಕು. ಉಸಿರು ಕಟ್ಟಿದರೆ ಆ ಕ್ಷಣವೇ 108ಕ್ಕೆ ಫೋನ್ ಮಾಡಬೇಕು.