ಸವರುವುದೋ, ಸಂಗ್ರಹಿಸುವುದೋ?

ಐಎಸ್‌ಒ ಏರಿಸಿ ತೆಗೆದ ಇರುಳಾಕಾಶದ ಚಿತ್ರವು ಮರಳೆರಚಿದಂತೆ ಕಾಣುವುದುಂಟು. ಇದನ್ನೇ ‘ನಾಯ್ಸ್’ ಎನ್ನುತ್ತೇವೆ. ಐಎಸ್‌ಒ ಬೆಳಕನ್ನು ಸೃಷ್ಟಿಸದು. ದೊರೆತ ಅಲ್ಪ ಸಂಕೇತವನ್ನೇ ವರ್ಧಿಸುತ್ತದೆ. ಒಂದು ಬಿಂದುವಿನಲ್ಲಿ ಸರಾಸರಿ 100 ಫೋಟಾನುಗಳು ದಾಖಲಾದರೆ ಸಹಜ ಏರುಪೇರು ಶೇಕಡ 10ರಷ್ಟು. 10,000 ದಾಖಲಾದರೆ ಶೇಕಡ 1 ಮಾತ್ರ.

ತಂತ್ರಾಂಶವು ನೆರೆಯ ಬಿಂದುಗಳನ್ನು ನೋಡಿ ಈ ಮರಳನ್ನು ಸವರಿಹಾಕುತ್ತದೆ. ಆದರೆ ಅದು ಊಹೆ. ಮರಳಿನೊಡನೆ ಮಸುಕಾದ ನಕ್ಷತ್ರವೂ ಅಳಿಯಬಹುದು. ಅದರ ಬದಲು 16 ಚಿತ್ರಗಳನ್ನು ತೆಗೆದು, ಅದೇ ಗಣಕದಲ್ಲಿ ನಕ್ಷತ್ರಕ್ಕೆ ನಕ್ಷತ್ರ ಹೊಂದಿಸಿ ಸರಾಸರಿ ಮಾಡಿದರೆ ನಾಯ್ಸ್ ಕಾಲುಭಾಗಕ್ಕಿಳಿಯುತ್ತದೆ, ನಕ್ಷತ್ರ ಉಳಿಯುತ್ತದೆ.

ಅಂದಕ್ಕಾಗಿ ಸವರುವುದು ದೋಷವಲ್ಲ. ಆದರೆ ವಿಜ್ಞಾನದ ವಿದ್ಯಾರ್ಥಿಗಳು ಬೆಳಕನ್ನು ಮೊದಲು ಸಂಗ್ರಹಿಸಬೇಕು, ಮೂಲಚಿತ್ರವನ್ನು ತಿದ್ದದೆ ಕಾಪಾಡಬೇಕು ಎಂಬುದು ನಮ್ಮ ಅಭಿಮತ.