ಲಾಭ, ಎರಡು, ಮೂರು

ಕಣದಲ್ಲಿ ರಾಶಿ ಅಳೆಯುವ ಹಿರಿಯರು ಮೊದಲ ಸೇರನ್ನು ‘ಒಂದು’ ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದರು. ಲಾಭ, ಎರಡು, ಮೂರು ಎಂದು ಎಣಿಕೆ ಸಾಗುತ್ತಿತ್ತು. ಯಂತ್ರದ ತಕ್ಕಡಿ ಬಂದ ಮೇಲೆ ಈ ಮಾತು ಅಪರೂಪವಾಯಿತು. ವರ್ಷದ ದುಡಿಮೆಯ ಮೊದಲ ಅಳತೆಗೇ ಲಾಭವೆಂದು ಹೆಸರಿಟ್ಟ ರೈತ, ಅದೇ ಜೋಳ ಕೊಳ್ಳಲು ಬಂದ ವ್ಯಾಪಾರಿಯ ಬಾಯಲ್ಲಿ ಆ ಶಬ್ದ ಕೇಳಿದರೆ ಮುಖ ಗಂಟಿಕ್ಕುತ್ತಾನೆ. ‘ವ್ಯಾಪಾರಂ ದ್ರೋಹಚಿಂತನಂ’ ಎಂಬುದು ಸಂಸ್ಕೃತದ ಗಂಧವಿಲ್ಲದವರಿಗೂ ಬಾಯಿಪಾಠ. ನಮ್ಮ ಲಾಭ ದೇವರು ಕೊಟ್ಟದ್ದು, ಅವನ ಲಾಭ ನಮ್ಮ ಜೇಬಿನಿಂದ ಹೋದದ್ದು!

ಹಿರೇಹಡಗಲಿಯಿಂದ ಕೊಟ್ಟೂರಿನವರೆಗೆ ಯಾವ ಊರಲ್ಲಾದರೂ ಹೆಣ್ಣು ಕೇಳಲು ಹೋಗಿ ನೋಡಿ. “ಹುಡುಗ ಏನ್ ಮಾಡ್ತಾನ್ರೀ?” “ಅಂಗಡಿ ಇಟ್ಟಾನ್ರೀ.” “ಅದಿರ್ಲಿ ಬಿಡ್ರಿ, ಕೆಲಸ ಏನ್ ಮಾಡ್ತಾನ?” ನಸುಕಿಗೆ ಬಾಗಿಲು ತೆಗೆದು ರಾತ್ರಿ ಹತ್ತಕ್ಕೆ ಹಾಕುವವನದು ಕೆಲಸವಲ್ಲ. ಸಂವಿಧಾನದ 371(ಜೆ) ತಿದ್ದುಪಡಿ ಬಂದ ಮೇಲೆ ಸರ್ಕಾರಿ ನೌಕರಿಯಲ್ಲಿ ನಮ್ಮ ಭಾಗಕ್ಕೆ ಮೀಸಲಾತಿ ಸಿಕ್ಕಿತು. ಧಾರವಾಡದ ಕೋಚಿಂಗ್ ಕೋಣೆಗಳಲ್ಲಿ ನಾಲ್ಕೈದು ವರ್ಷ ಕೂತ ಹುಡುಗರಿಗೂ ಊರಲ್ಲಿ ಒಂದು ಮರ್ಯಾದೆಯಿದೆ, ಮಂಡಕ್ಕಿ ಭಟ್ಟಿ ನಡೆಸುವ ಅವರ ವಾರಿಗೆಯವನಿಗೆ ಅದಿಲ್ಲ. ನೌಕರಿಯ ಈ ಹಂಬಲವನ್ನು ಹೇಡಿತನ ಎಂದು ಪಟ್ಟಣದ ಭಾಷಣಕಾರರು ಹೀಯಾಳಿಸುವುದನ್ನು ಕೇಳಿದ್ದೇನೆ. ಒಪ್ಪುವುದಿಲ್ಲ. ಮಳೆ ಕೈಕೊಟ್ಟರೆ ಬಿತ್ತಿದ ಬೀಜವೂ ಮರಳದ ಸೀಮೆಯಲ್ಲಿ ಮನೆಗೊಬ್ಬನಾದರೂ ತಿಂಗಳ ಸಂಬಳ ತರಲಿ ಎನ್ನುವುದು ಪಕ್ಕಾ ಲೆಕ್ಕಾಚಾರ. ಹೊಲವೇ ಒಂದು ಜೂಜಾಗಿರುವಾಗ ಇನ್ನೊಂದು ಜೂಜಿಗೆ ಯಾರು ಕೈ ಹಾಕುತ್ತಾರೆ?

ವ್ಯಾಪಾರದ ಮೇಲಿನ ಈ ಗುಮಾನಿ ನಮ್ಮ ಧರ್ಮದಿಂದ ಬಂದದ್ದು ಎನ್ನುವವರೂ ಇದ್ದಾರೆ. ಹಾಗಾದರೆ ಅಯ್ಯಾವೊಳೆ ಐನೂರ್ವರನ್ನು ಎಲ್ಲಿಡುವುದು? ಹಿರೇಹಡಗಲಿಯ ಕಲ್ಲೇಶ್ವರ ಗುಡಿಯ ಕಂಬಗಳನ್ನು ಕಡೆದದ್ದು ಕಲ್ಯಾಣ ಚಾಲುಕ್ಯರ ಕಾಲದಲ್ಲಿ. ಆ ಕಾಲದ ಶಾಸನಗಳು ಈ ವರ್ತಕ ಸಂಘವನ್ನು ವೀರರೆಂದು ಹೊಗಳುತ್ತವೆ, ಅವರ ನಡೆಗೆ ‘ವೀರಬಣಂಜು ಧರ್ಮ’ ಎಂದೇ ಹೆಸರಿತ್ತು. ದೂರದ ದೇಶಗಳಿಗೆ ಸರಕು ಹೊತ್ತು ಹೋಗಿ ಬಂದು ಗುಡಿಗಳಿಗೆ ದತ್ತಿ ಬಿಟ್ಟವರು ಅವರು. ಹೂವಿನಹಡಗಲಿಯ ಹೆಸರಿನ ಹಿಂದಿನ ಕಥೆಯೂ ವ್ಯಾಪಾರದ್ದೇ: ಇಲ್ಲಿಂದ ತುಂಗಭದ್ರೆಯ ಮೇಲೆ ಹಡಗಿನಲ್ಲಿ ಹಂಪಿಗೆ ಹೂ ಹೋಗುತ್ತಿತ್ತಂತೆ. ಕಥೆ ನಿಜವೋ ಸುಳ್ಳೋ, ಊರು ಅದನ್ನು ನಾಚಿಕೆಯಿಂದ ಹೇಳಿಕೊಂಡದ್ದಿಲ್ಲ.

ಶರಣರ ಕಡೆಯಿಂದ ಬರುವ ಆಕ್ಷೇಪವೇ ಗಟ್ಟಿಯಾದದ್ದು. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದವಳು ಅವನ ಹೆಂಡತಿ ಲಕ್ಕಮ್ಮ. ಈ ಪ್ರಸಂಗಕ್ಕೆ ನಾವು ತಲೆದೂಗುತ್ತೇವೆ, ಆದರೆ ಅಂಗಡಿಯವನ ಪಾಡು ಬೇರೆ. ಶ್ರಾವಣದ ದುಡ್ಡನ್ನು ಕೂಡಿಡದ ಹೂವಿನ ವ್ಯಾಪಾರಿ ಮುಂದಿನ ಆಷಾಢದಲ್ಲಿ ಮುಳುಗುತ್ತಾನೆ. ಲಕ್ಕಮ್ಮನ ಕಟ್ಟಳೆಯನ್ನು ಅವನ ಮೇಲೆ ಹಾಗೇ ಹೇರಿದರೆ ಅಂಗಡಿ ಮುಚ್ಚಬೇಕಾದೀತು. ಅವಳ ಪ್ರಶ್ನೆಯನ್ನು ಮಾತ್ರ ಬಿಡುವಂತಿಲ್ಲ: ಈ ಹೆಚ್ಚಿನದು ಯಾರ ಪಾಲಿನದು? ನಾನು ಅದಕ್ಕೆ ಇನ್ನೊಂದನ್ನು ಸೇರಿಸಿಕೊಂಡಿದ್ದೇನೆ: ನಷ್ಟವಾದರೆ ಅದು ಯಾರ ತಲೆಗೆ?

ಭೌಗೋಳಿಕ ಸೂಚಕ ಪಡೆದ ಹಡಗಲಿ ಮಲ್ಲಿಗೆಯನ್ನೇ ನೋಡಿ. ಮೊಗ್ಗು ಬಿರಿಯುವ ಮುಂಚೆ ಬಿಡಿಸಬೇಕು, ಬಿರಿದ ಮೇಲೆ ಬೆಲೆಯಿಲ್ಲ. ಹಬ್ಬದ ಹಿಂದಿನ ದಿನ ಏರಿದ ದರ ಹಬ್ಬ ಕಳೆದೊಡನೆ ಕುಸಿಯುತ್ತದೆ. ಮೊಗ್ಗು ಕೊಂಡು ಬುಟ್ಟಿಯನ್ನು ಬಸ್ಸಿಗೇರಿಸುವವನ ಬಳಿ ಇರುವುದು ಕೆಲವು ತಾಸು ಮಾತ್ರ. ಬಸ್ಸು ಕೆಟ್ಟು ನಿಂತರೆ ಮಾಲು ತಿಪ್ಪೆಗೆ, ರೈತನಿಗೆ ಕೊಟ್ಟ ಹಣವೂ ಹೋಯಿತು. ಇಂಥವನು ಒಳ್ಳೆಯ ದಿನ ನಾಲ್ಕು ಕಾಸು ಹೆಚ್ಚು ತಿಂದರೆ ನನಗೆ ಹೊಟ್ಟೆಯುರಿಯಿಲ್ಲ. ಆದರೆ ದರ ಬಿದ್ದ ದಿನ ರೈತನಿಗೆ ಕಡಿಮೆ ಕೊಟ್ಟು, ಏರಿದ ದಿನವೂ ಅಷ್ಟನ್ನೇ ಕೊಡುವವನು ನಷ್ಟವನ್ನು ರೈತನಿಗೆ ದಾಟಿಸಿ ಲಾಭವನ್ನಷ್ಟೇ ಇಟ್ಟುಕೊಂಡ. ಕಸುಬು ಒಂದೇ ಇರಬಹುದು, ಇಬ್ಬರೂ ಒಂದೇ ಅಲ್ಲ. ನಮ್ಮ ಗಾದೆ ಇಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟುತ್ತದೆ.

ಆ ಹಗ್ಗ ಬಿಗಿಯಾದದ್ದು ನಮ್ಮ ಕಣ್ಣೆದುರೇ. ಹೊಸಪೇಟೆ, ಸಂಡೂರಿನ ಅದಿರಿಗೆ ಚೀನಾದ ಬೇಡಿಕೆ ಬಂದ ವರ್ಷಗಳಲ್ಲಿ ಹೊಲದ ಕೆಂಪು ಧೂಳೇ ಹಣವಾಯಿತು. ಸಾಲ ಮಾಡಿ ಲಾರಿ ಕೊಂಡವರು ಹಳ್ಳಿಹಳ್ಳಿಯಲ್ಲಿದ್ದರು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ ಹಾಕಿತು. ಗುಡ್ಡ ಕರಗಿಸಿದವರ ಸಂಪತ್ತು ಗುಡ್ಡದೊಂದಿಗೆ ಕರಗಲಿಲ್ಲ, ಕಂತು ಕಟ್ಟಲಾಗದೆ ನಿಂತದ್ದು ಲಾರಿ. ಇದನ್ನು ಕಂಡ ಹುಡುಗನಿಗೆ ಉದ್ಯಮಿ ಎಂದರೆ ಯಾರ ಮುಖ ನೆನಪಾಗಬೇಕು?

ಇನ್ನು ಸರ್ಕಾರದ ‘ಉದ್ಯಮಶೀಲತೆ’ ಎಂಬ ಮಾತು. 2015ರಲ್ಲಿ ಬಂದ ಮುದ್ರಾ ಯೋಜನೆಯ ಶಿಶು ಸಾಲ ಜಾಮೀನಿಲ್ಲದೆ 50 ಸಾವಿರದವರೆಗೆ ಸಿಗುತ್ತದೆ. ಒಳ್ಳೆಯದೇ. ಬಂಡಿ, ಒಲೆ, ಬಾಣಲೆ ಕೊಂಡು ಮೆಣಸಿನಕಾಯಿ ಬಜ್ಜಿ, ಒಗ್ಗರಣಿ ಮಂಡಕ್ಕಿ ಶುರು ಮಾಡಲು ಆದೀತು. ಮಳೆಗೆ ಎರಡು ವಾರ ಗಿರಾಕಿ ಬಾರದಿದ್ದರೆ ಕಂತು ತುಂಬಲು ಆಗದು. ಧೈರ್ಯ ಮಾಡಿ ಎನ್ನುವವರು ಸೋತವನಿಗೆ ಏನು ಎಂಬುದನ್ನು ಹೇಳುವುದಿಲ್ಲ. ಸೋತವನ ಬಗ್ಗೆ ಊರೂ ಕರುಣೆ ತೋರುವುದಿಲ್ಲ. ಪರೀಕ್ಷೆಯಲ್ಲಿ ನಪಾಸಾದವನಿಗೆ ಮುಂದಿನ ವರ್ಷ ಎನ್ನುತ್ತೇವೆ, ಅಂಗಡಿ ಮುಚ್ಚಿದವನಿಗೆ ‘ಮೊದಲೇ ಹೇಳಿದ್ವಿ’ ಎನ್ನುತ್ತೇವೆ.

ಕೂಡ್ಲಿಗಿಯ ಹುತಾತ್ಮ ಸ್ಮಾರಕದಲ್ಲಿ ಗಾಂಧೀಜಿಯ ಚಿತಾಭಸ್ಮವಿದೆ. ಅದಕ್ಕೆ ಕೈ ಮುಗಿಯುವ ನಮಗೆ ಅವರು ಬನಿಯಾ ಕುಲದವರೆಂಬುದು, ಕಾಸುಕಾಸಿಗೂ ಲೆಕ್ಕ ಇಡುತ್ತಿದ್ದರೆಂಬುದು ನೆನಪಾಗುವುದೇ ಇಲ್ಲ. ಸಂಪತ್ತಿಗೆ ಒಡೆಯ ಬರೀ ಧರ್ಮದರ್ಶಿ ಎಂಬ ಅವರ ವಿಚಾರವನ್ನು ಸಿರಿವಂತರು ಭಾಷಣಕ್ಕೆ ಬಳಸಿಕೊಂಡರು. ಅದರ ಲೆಕ್ಕದ ಶಿಸ್ತನ್ನು ಉಳಿಸಿಕೊಂಡವರು, ನನಗೆ ಕಂಡಂತೆ, ಉದ್ರಿ ಪುಸ್ತಕ ಇಟ್ಟ ಚಿಲ್ಲರೆ ಅಂಗಡಿಯವರು. ಬರಗಾಲದಲ್ಲಿ ಹಳ್ಳಿಗೆ ಉಪ್ಪು, ಎಣ್ಣೆ ಮುಟ್ಟಿಸುವುದು ಆ ಪುಸ್ತಕವೇ. ಅದರಲ್ಲಿ ಬಾರದ ಬಾಕಿಯ ಹಾಳೆಗಳೂ ಇರುತ್ತವೆ.

ಸಂಜೆ ಹಡಗಲಿಯ ಪೇಟೆಯಲ್ಲಿ ಹೂ ಮಾರುವ ಹೆಂಗಸು ತನ್ನ ಮೊಳಕೈಯನ್ನೇ ಅಳತೆಗೋಲು ಮಾಡಿಕೊಂಡು ಮಾಲೆ ಅಳೆಯುತ್ತಾಳೆ. “ನಿನ್ನ ಮೊಳ ಭಾಳ ಗಿಡ್ಡ ಐತಿ ಬಿಡವ್ವ” ಎಂದು ಗಿರಾಕಿ ತಗಾದೆ ತೆಗೆಯುತ್ತಾಳೆ. “ದೇವ್ರು ಕೊಟ್ಟ ಕೈ ಅಕ್ಕಾ, ನಾ ಏನ್ ಮಾಡ್ಲಿ” ಎನ್ನುತ್ತಲೇ ಇವಳು ನಾಲ್ಕು ಬೆರಳು ಮುಂದೆ ಸರಿಸಿ, ಕೊಸರು ಸೇರಿಸಿ ದಾರ ಹರಿಯುತ್ತಾಳೆ.